ಆಯ್ತಪ್ಪನ ದೋಣಿ

ನನ್ನ ಷಡ್ಡಕನಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇದೆ. ಸಂಬಳದ ಚೀಟಿಯಲ್ಲಿ ಅದನ್ನು ಕಂಡಾಗ ‘ಇದಾರಪ್ಪಾ’ ಎಂದು ಅವನಿಗೇ ಒಂದು ಕ್ಷಣ ಅನಿಸುತ್ತದೆಯಂತೆ. ನಾವಿಬ್ಬರೂ ಕೆಲಸ ಮಾಡುವ ಕಾಲೇಜಿನಲ್ಲಿ ಅವನು ಆಯ್ತಪ್ಪ. ಯಾರು ಏನು ಕೇಳಿದರೂ, ಕೇಳುವವರ ಮಾತು ಮುಗಿಯುವ ಮೊದಲೇ ಅವನ ಒಪ್ಪಿಗೆ ಬಂದು ನಿಂತಿರುತ್ತಿತ್ತು. ಗಂಡಸರಿಗೆ ‘ಆಯ್ತಪ್ಪ’, ಹೆಂಗಸರಿಗೆ ‘ಆಯ್ತಮ್ಮ’, ಪ್ರಾಂಶುಪಾಲರಿಗೆ ‘ಆಯ್ತು ಸಾರ್’, ನನಗೆ ‘ಆಯ್ತು ಭಾವ’.

ಅವನು ನನ್ನ ಹೆಂಡತಿಯ ತಂಗಿಯ ಗಂಡ. ಒಂದೇ ಕಟ್ಟಡದಲ್ಲಿ ಮೇಲೆ ನಾವು, ಕೆಳಗೆ ಅವರು. ನಮ್ಮಿಬ್ಬರಿಗೂ ಅತ್ತೆಯಾದವರು ಒಂದು ತಿಂಗಳು ಮೇಲಿದ್ದರೆ ಮತ್ತೊಂದು ತಿಂಗಳು ಕೆಳಗಿರುತ್ತಾರೆ. ಅವರ ಅಧಿಕಾರ ಮಾತ್ರ ಎರಡೂ ಮಹಡಿಗಳಲ್ಲಿ ಏಕಕಾಲಕ್ಕೆ ಜಾರಿಯಲ್ಲಿರುತ್ತದೆ.

ಎದುರು ಮನೆಯ ದರ್ಜಿಯ ಹೊಲಿಗೆ ಯಂತ್ರ, ಮೂಲೆಯ ಔಷಧಿ ಅಂಗಡಿಯ ಗೋಡೆ ಗಡಿಯಾರ, ಅವನ ಮಗಳ ಸೈಕಲ್ಲಿನ ಬ್ರೇಕು, ನನ್ನ ಕೊಡೆಯ ಮುರಿದ ಕಡ್ಡಿ, ಎಲ್ಲವೂ ಅವನ ಒಪ್ಪಿಗೆಯ ನೆರಳಿನಲ್ಲಿ ಬಹುಕಾಲದಿಂದ ಕಾಯುತ್ತಿದ್ದವು. ಒಮ್ಮೆ ನಾನೇ ಕೇಳಿದೆ.

“ಇಷ್ಟು ಜನಕ್ಕೆ ಮಾತು ಕೊಡ್ತೀಯಲ್ಲ, ಹೊತ್ತು ಎಲ್ಲಿಂದ ತರ್ತೀಯ?”

“ಕೊಟ್ಟ ಮಾತೆಲ್ಲ ಒಂದೇ ದಿನ ಬಂದು ಬಾಗಿಲು ತಟ್ಟಲ್ಲ ಭಾವ. ಅರ್ಧ ಜನ ಮರ್ತುಬಿಡ್ತಾರೆ. ಇನ್ನು ಕೆಲವರು ತಾವೇ ಮಾಡ್ಕೋತಾರೆ. ಉಳಿದವರಿಗೆ ನಾನಿದ್ದೀನಲ್ಲ.”

ಉಳಿದವರಿಗೆ ಅವನು ನಿಜಕ್ಕೂ ಇರುತ್ತಿದ್ದ. ದರ್ಜಿಯ ಯಂತ್ರವನ್ನು ಕೊನೆಗೊಂದು ದಿನ ಹಿಡಿದು ಕುಳಿತವನು ಅದರ ಪ್ರತಿಯೊಂದು ಹಲ್ಲನ್ನೂ ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಕೂಡಿಸಿದ. ಯಂತ್ರ ಹೊಸದರಂತೆ ಓಡಿತು. ಪಾಪ, ಅಷ್ಟು ದಿನದಿಂದ ಕೂಡಿಟ್ಟುಕೊಂಡಿದ್ದ ಕೋಪವನ್ನು ತೀರಿಸಿಕೊಳ್ಳುವ ಅವಕಾಶವೇ ದರ್ಜಿಗೆ ಇಲ್ಲದಾಯಿತು.

ಅವನ ನೌಕರಿಯೂ ಇದೇ ಬಗೆಯದು. ಕಾಲೇಜಿಗೆ ಅವನು ಬಂದದ್ದು ಬೆರಳಚ್ಚು ಯಂತ್ರಗಳ ರಿಪೇರಿಗೆ. ಮೊದಲ ಕಂಪ್ಯೂಟರುಗಳು ಪೆಟ್ಟಿಗೆಗಳಲ್ಲಿ ಬಂದು ಇಳಿದಾಗ, ಆಗಿನ ಪ್ರಾಂಶುಪಾಲರು “ಇದು ನಿಮಗೆ ಬರುತ್ತೇನ್ರೀ?” ಎಂದರು. “ಆಯ್ತು ಸಾರ್” ಎಂದ. ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲವೆಂಬುದನ್ನು ಇಬ್ಬರೂ ಗಮನಿಸಲಿಲ್ಲ. ಅದೇ ಸಂಜೆ ಅವನು ಗ್ರಂಥಾಲಯಕ್ಕೆ ಬಂದು ಆ ವಿಷಯದ ಮೇಲಿದ್ದ ಪುಸ್ತಕಗಳನ್ನೆಲ್ಲ ಹೊತ್ತೊಯ್ದ. ಗ್ರಂಥಪಾಲಕನಾದ ನಾನೇ ಅದಕ್ಕೆ ಸಾಕ್ಷಿ. ಮೊದಲು ಒಪ್ಪಿ ಆಮೇಲೆ ಕಲಿಯುತ್ತ ಕಲಿಯುತ್ತ ಅವನು ಕಾಲೇಜಿನ ಸರ್ವರ್ ಕೋಣೆಯ ಮುಖ್ಯಸ್ಥನಾದ. ನಮ್ಮತ್ತೆ “ನನ್ನ ಮಗಳನ್ನ ಚೆನ್ನಾಗಿ ನೋಡ್ಕೋತೀರಾ?” ಎಂದು ಕೇಳಿದಾಗಲೂ ಅವನ ಉತ್ತರ ಅದೇ ಆಗಿತ್ತು, ಅದನ್ನೂ ಅವನು ಆಮೇಲೆಯೇ ಕಲಿತದ್ದು ಎಂದು ನನ್ನ ನಾದಿನಿ ಹೇಳುತ್ತಾಳೆ.

ನಾದಿನಿಗೆ ಮೊಣಕಾಲು ನೋವು ಶುರುವಾದಾಗ ವೈದ್ಯರು ಈಜಲು ಹೇಳಿದರು. ನೀರೆಂದರೆ ಬಕೆಟ್ಟಿನಲ್ಲಿ ಇರಬೇಕಾದ ವಸ್ತು ಎಂದು ನಂಬಿದ್ದವಳು ಅವಳು. ಮೊದಲ ಕೆಲವು ದಿನ ಕೊಳದ ಅಂಚನ್ನು ಎರಡೂ ಕೈಯಿಂದ ಹಿಡಿದು, ಅದು ಓಡಿಹೋಗದಂತೆ ಕಾವಲು ಕಾಯ್ದಳು. ಆಮೇಲೆ ಏನಾಯಿತೋ, ನೀರು ಅವಳನ್ನು ಹಿಡಿದುಕೊಂಡಿತು. ನೋವು ಹೋಯಿತು, ಈಜು ಉಳಿಯಿತು. ವರ್ಷ ಕಳೆಯುವಷ್ಟರಲ್ಲಿ ಊರಂಚಿನ ಕೆರೆಯನ್ನು ಈ ದಡದಿಂದ ಆ ದಡಕ್ಕೆ ದಾಟುವ ವಾರ್ಷಿಕ ಈಜಿಗೆ ಹೆಸರು ಕೊಟ್ಟಳು.

ಈಜು ಸಂಘದವರದ್ದು ಒಂದು ನಿಯಮವಿತ್ತು. ಮೊದಲ ಸಲ ದಾಟುವವರ ಪಕ್ಕದಲ್ಲಿ ಒಂದು ಚಿಕ್ಕ ದೋಣಿ ಇರಲೇಬೇಕು. ಅದನ್ನು ನಡೆಸುವವರ ಹೆಸರನ್ನು ಮೊದಲೇ ಬರೆಸಿ, ಸಂಘದವರೆದುರು ಹುಟ್ಟು ಹಾಕಿ ತೋರಿಸಿ ಒಪ್ಪಿಗೆ ಪಡೆಯಬೇಕು. ಬರೆಸಿದ ಮೇಲೆ ಬದಲಾಯಿಸುವಂತಿಲ್ಲ. ದೋಣಿಯವರು ಬರದಿದ್ದರೆ ಈಜುವವರು ನೀರಿಗಿಳಿಯುವಂತಿಲ್ಲ.

“ನಾನೇ ದೋಣಿ ನಡೆಸ್ತೀನಿ” ಎಂದ ನನ್ನ ಷಡ್ಡಕ.

ನಾದಿನಿ ಅವನನ್ನು ದಿಟ್ಟಿಸಿ ನೋಡಿದಳು. “ರೀ, ಇದು ಹೊಲಿಗೆ ಯಂತ್ರದ ‘ಆಯ್ತಾ’, ಇಲ್ಲ ನಿಜವಾದದ್ದಾ?”

“ನಿಜವಾದದ್ದೇ ಕಣೇ.”

ಅವನು ಅಂಗೈಯಲ್ಲಿ ಬೊಬ್ಬೆ ಬರುವವರೆಗೆ ಹುಟ್ಟು ಹಾಕಿ ಕಲಿತ. ಮೊದಲಿಗೆ ದೋಣಿ ನಿಂತಲ್ಲೇ ಗಿರಗಿರನೆ ಸುತ್ತುತ್ತಿತ್ತು. ಪರೀಕ್ಷೆಯ ದಿನದ ಹೊತ್ತಿಗೆ ನೇರವಾಗಿ ಹೋಗುತ್ತಿತ್ತು. ಹೆಸರು ಬರೆಸಿಯಾಯಿತು.

ಇದೇ ಕಾಲದಲ್ಲಿ ಕಾಲೇಜಿಗೆ ಹೊಸ ಸರ್ವರ್ ಬಂತು. ಅಲ್ಲಿಯವರೆಗೆ ನೆಲಮಾಳಿಗೆಯ ಕೋಣೆಯಲ್ಲಿ ವಿಭಾಗಕ್ಕೊಂದರಂತೆ ಹಳೆಯ ಯಂತ್ರಗಳು ಸಾಲಾಗಿ ಕುಳಿತು ಗುರುಗುಡುತ್ತಿದ್ದವು. ಪ್ರವೇಶ ವಿಭಾಗಕ್ಕೊಂದು, ಪರೀಕ್ಷೆಗೊಂದು, ಹಾಸ್ಟೆಲ್ಲಿಗೊಂದು, ನನ್ನ ಗ್ರಂಥಾಲಯಕ್ಕೊಂದು. ಒಂದು ಬಿಸಿಯಾಗಿ ಬೆವರುತ್ತಿದ್ದರೆ ಪಕ್ಕದ್ದು ಕೆಲಸವಿಲ್ಲದೆ ಆಕಳಿಸುತ್ತಿರುತ್ತಿತ್ತು. ಆದರೆ ಅದರ ಬಲ ಇದಕ್ಕೆ ಬರುವಂತಿರಲಿಲ್ಲ. ಇನ್ನು ಮುಂದೆ ಒಂದೇ ದೊಡ್ಡ ಯಂತ್ರ. ಅದರ ಮೇಲೆ ಮೊದಲು ಹೈಪರ್‌ವೈಸರ್ ಎಂಬ ತಂತ್ರಾಂಶವನ್ನು ಕೂರಿಸಬೇಕು. ಅದು ಆ ಒಂದು ಯಂತ್ರವನ್ನು ಹಲವು ಯಂತ್ರಗಳೆಂಬಂತೆ ತೋರಿಸುತ್ತದೆ. ಆ ಹಲವನ್ನು ಇವರು ಗೆಸ್ಟುಗಳು ಎನ್ನುತ್ತಾರೆ. ಪ್ರತಿಯೊಬ್ಬ ಗೆಸ್ಟಿಗೂ ಇಡೀ ಮನೆ ತನ್ನದೇ ಎಂಬ ಭಾವನೆ. ವಿಭಾಗದವರು ತಮ್ಮ ಮೇಜಿನಿಂದಲೇ ಹೊಸ ಯಂತ್ರ ಬೇಕೆಂದು ಕೇಳಿ ಪಡೆಯುವ ಏರ್ಪಾಡಿಗೆ ಪ್ರಾಂಶುಪಾಲರು ‘ನಮ್ಮ ಸ್ವಂತ ಕ್ಲೌಡ್’ ಎಂದು ಹೆಸರಿಟ್ಟು, ಆಗಲೇ ನಾಲ್ಕು ಸಭೆಗಳಲ್ಲಿ ಹೇಳಿಕೊಂಡು ಬಂದಿದ್ದರು.

ಕೂರಿಸುವ ಕೆಲಸ ನನ್ನ ಷಡ್ಡಕನದು ಮತ್ತು ಅವನ ಸಹೋದ್ಯೋಗಿಯದು. ಈಕೆಯನ್ನು ಇಡೀ ಕಾಲೇಜು ನೆಟ್‌ವರ್ಕ್ ಮೇಡಂ ಎನ್ನುತ್ತದೆ. ಅವರ ಬಾಯಿ ಬಲು ಚುರುಕು. ಮೊದಲ ದಿನ ಹೈಪರ್‌ವೈಸರ್ ಕುಳಿತಿತಾದರೂ ಒಬ್ಬ ಗೆಸ್ಟನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಯಂತ್ರದ ಮೂಲ ಸೆಟ್ಟಿಂಗಿನಲ್ಲಿ ಆ ಸೌಲಭ್ಯವನ್ನೇ ತೆರೆದಿರಲಿಲ್ಲವೆಂದು ಬಹಳ ಹುಡುಕಾಟದ ಮೇಲೆ ತಿಳಿಯಿತು. ಮರುದಿನ ಇವನು ಮೂರನೆಯ ಮಹಡಿಯ ತನ್ನ ಮೇಜಿನಲ್ಲಿ ಕುಳಿತು, ಗೆಸ್ಟುಗಳಿಗೆಲ್ಲ ಹೊರದಾರಿಯಾಗುವ ಸೇತುವೆಯೊಂದನ್ನು ಯಂತ್ರದೊಳಗೆ ಕಟ್ಟತೊಡಗಿದ. ಯಂತ್ರದ ಏಕೈಕ ನೆಟ್‌ವರ್ಕ್ ತಂತಿಯನ್ನು ಆ ಸೇತುವೆಗೆ ಸೇರಿಸಿದ ಕ್ಷಣವೇ ಪರದೆ ಸ್ತಬ್ಧವಾಯಿತು. ಅವನು ಯಂತ್ರದೊಂದಿಗೆ ಮಾತಾಡುತ್ತಿದ್ದದ್ದೂ ಅದೇ ತಂತಿಯ ಮೂಲಕ.

“ಕೂತ ಕೊಂಬೆ ಕಡಿಯೋರನ್ನ ಕೇಳಿದ್ದೆ ಸಾರ್,” ಎಂದರು ಮೇಡಂ. “ಮೂರನೇ ಮಹಡಿಯಿಂದ ಗರಗಸ ಹಾಕಿದವರನ್ನ ಇವತ್ತೇ ನೋಡಿದ್ದು.”

ಇಬ್ಬರೂ ಕೀಲಿಮಣೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ನೆಲಮಾಳಿಗೆಗೆ ಇಳಿದರು.

ಅದೆಲ್ಲ ಸರಿಹೋದ ಮೇಲೆ ಹಂಚಿಕೆಯ ದಿನ ಬಂತು. ಹಂಚಬೇಕಾದದ್ದು ಮುಖ್ಯವಾಗಿ ಮೆಮೊರಿ, ಎಂದರೆ ಯಂತ್ರ ಕೆಲಸ ಮಾಡುವಾಗ ಸಾಮಾನು ಹರಡಿಕೊಳ್ಳುವ ಜಾಗ. ಒಟ್ಟು ಇದ್ದದ್ದು ನೂರ ಇಪ್ಪತ್ತೆಂಟು ಜಿಬಿ. ಪ್ರವೇಶದವರು ಅರವತ್ತನಾಲ್ಕು ಕೇಳಿದರು. ಹಾಸ್ಟೆಲ್ ವಾರ್ಡನ್ ಹದಿನಾರು ಕೇಳಿದರು. ಹಾಸ್ಟೆಲ್ಲಿಗೇ ಹದಿನಾರಾದರೆ ಗ್ರಂಥಾಲಯಕ್ಕೆ ಕಡಿಮೆಯಾಗಬಾರದೆಂದು ನಾನೂ ಹದಿನಾರು ಕೇಳಿದೆ. ಎಲ್ಲರಿಗೂ ಒಂದೇ ಉತ್ತರ ಸಿಕ್ಕಿತು. ಅದರ ಜೊತೆಗೆ, ಒಮ್ಮೆ ಶುರುವಾದ ಗೆಸ್ಟನ್ನು ಇನ್ನು ನಿಲ್ಲಿಸುವ ಮಾತೇ ಇಲ್ಲ ಎಂಬ ಭರವಸೆಯೂ ಸಿಕ್ಕಿತು. ಕೂಡಿಸಿ ನೋಡಿದರೆ ನೂರ ತೊಂಬತ್ತೆರಡಾಗಿತ್ತು.

ಸೋಜಿಗವೆಂದರೆ ಹೈಪರ್‌ವೈಸರ್ ಇದಕ್ಕೆ ತಕರಾರು ತೆಗೆಯಲಿಲ್ಲ. ಒಂದಿದ್ದಲ್ಲಿ ಒಂದೂವರೆ ಹಂಚಬಹುದೆಂದು ಅದರ ಸೆಟ್ಟಿಂಗಿನಲ್ಲೇ ಬರೆದಿತ್ತು. ಎಲ್ಲ ಗೆಸ್ಟುಗಳೂ ಒಂದೇ ಹೊತ್ತಿಗೆ ಪೂರ್ತಿ ಕೇಳುವುದಿಲ್ಲ ಎಂಬುದು ಅದರ ನಂಬಿಕೆ. ತನ್ನ ಜೀವನದ ತತ್ವವನ್ನು ಯಂತ್ರವೂ ಒಪ್ಪಿದ್ದನ್ನು ಕಂಡು ಅವನಿಗಾದ ಸಂತೋಷ ಅಷ್ಟಿಷ್ಟಲ್ಲ. ಆ ಸಂಜೆ ಊಟದ ಮೇಜಿನಲ್ಲಿ ಅದನ್ನು ಅತ್ತೆಗೂ ವಿವರಿಸಿದ.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಅಳಿಯಂದ್ರೇ,” ಎಂದರು ಅತ್ತೆ.

“ಹಾಸಿಗೆ ಒಂದೇ ಅತ್ತೆ, ಮಲಗೋರು ಆರು ಜನ. ಆದ್ರೆ ಎಲ್ರೂ ಒಟ್ಟಿಗೆ ಕಾಲು ಚಾಚಲ್ಲ. ಅದೇ ಗುಟ್ಟು.”

“ಚಾಚಿದ್ರೆ?”

“ಚಾಚಲ್ಲ.”

ಅತ್ತೆ ಸಾರಿನ ಪಾತ್ರೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅದು ಅವರ ಅಭಿಪ್ರಾಯವಾಗಿತ್ತು.

ಅಲ್ಲಿಗೆ ಎಲ್ಲವೂ ಸುಗಮವಾಗಿತ್ತು. ಪ್ರವೇಶದ ಅರ್ಜಿಗಳನ್ನು ತೆರೆಯುವ ದಿನವನ್ನು ಆಡಳಿತ ಮಂಡಳಿ ಬದಲಾಯಿಸದೇ ಇದ್ದಿದ್ದರೆ ಹಾಗೆಯೇ ಇರುತ್ತಿತ್ತು. ಹೊಸ ದಿನ ಭಾನುವಾರ ಬೆಳಿಗ್ಗೆ ಎಂದು ಸುತ್ತೋಲೆ ಬಂತು. ಕೆರೆ ದಾಟುವ ಈಜೂ ಅದೇ ಭಾನುವಾರ ಬೆಳಿಗ್ಗೆ.

ಪ್ರಾಂಶುಪಾಲರು ಒಳ್ಳೆಯವರೇ, ಆದರೆ ಅವರಿಗೂ ಮೇಲಿನವರಿದ್ದಾರೆ. ಅವನು ರಜೆ ಕೇಳಲು ಹೋದಾಗ ಹೀಗೆಂದರು. “ನೋಡ್ರೀ, ನಿಮ್ಮ ಯಂತ್ರ ನೀವಿಲ್ಲದೆಯೂ ನಡೆಯುತ್ತೆ ಅಂತ ನನಗೆ ತೋರಿಸಿ. ಗುರುವಾರ ಒಂದು ತಾಲೀಮು ಮಾಡಿ, ಎಲ್ಲ ವಿಭಾಗಕ್ಕೂ ಒಟ್ಟಿಗೆ ಜನ ನುಗ್ಗಿದ ಹಾಗೆ. ಪಾಸಾದ್ರೆ ಮೇಡಂ ನೋಡ್ಕೋತಾರೆ, ನೀವು ಕೆರೆಗೆ ಹೋಗಿ. ಇಲ್ಲಾಂದ್ರೆ ಭಾನುವಾರ ನೀವು ಯಂತ್ರದ ಮುಂದೆ ಇರ್ಬೇಕು.”

“ಆಯ್ತು ಸಾರ್.”

ಗುರುವಾರದ ತಾಲೀಮಿಗೆ ಗ್ರಂಥಾಲಯದ ಪರವಾಗಿ ನಾನೂ ನೆಲಮಾಳಿಗೆಗೆ ಹೋಗಿದ್ದೆ. ಸಾವಿರಾರು ಜನ ಏಕಕಾಲಕ್ಕೆ ಬಂದಂತೆ ನಟಿಸುವ ತಂತ್ರಾಂಶವೊಂದನ್ನು ಮೇಡಂ ಚಾಲೂ ಮಾಡಿದರು. ಪರದೆಯ ಮೇಲೆ ಹಸಿರು ಗೆರೆಗಳು ಏರತೊಡಗಿದವು. ಆರೂ ಗೆಸ್ಟುಗಳು, ಹೇಳಿ ಮಾಡಿಸಿದಂತೆ, ಒಟ್ಟಿಗೆ ಕಾಲು ಚಾಚಿದವು. ಗೆರೆಗಳು ಹಳದಿಯಾದವು, ಕೆಂಪಾದವು. ಯಂತ್ರದ ಪಂಖಗಳು ಏದುಸಿರು ಬಿಟ್ಟವು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ಹಗುರಾಗಿ, ಗೆರೆಗಳೆಲ್ಲ ಮತ್ತೆ ಹಸಿರಿಗೆ ಇಳಿದವು.

“ಪಾಸಾಯ್ತಲ್ಲ!” ಎಂದರು ಪ್ರಾಂಶುಪಾಲರು.

ಮೇಡಂ ಪರದೆಯ ಹತ್ತಿರ ಬಗ್ಗಿ ನೋಡಿದರು. “ಸಾರ್, ಗೆಸ್ಟುಗಳು ಐದೇ ಇವೆ.”

ಜಾಗ ಸಾಲದೆ ಉಸಿರು ಕಟ್ಟಿದಾಗ ಆ ವ್ಯವಸ್ಥೆ ತನ್ನನ್ನು ತಾನು ಉಳಿಸಿಕೊಳ್ಳಲು ಒಂದು ಕ್ರಮ ಕೈಗೊಳ್ಳುತ್ತದೆ. ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದವನನ್ನು ಹುಡುಕಿ ಅವನ ಕತ್ತು ಹಿಡಿದು ಹೊರಗೆ ಹಾಕುತ್ತದೆ. ಎಲ್ಲರಿಗಿಂತ ಹೆಚ್ಚು ಜಾಗ ಹಿಡಿದದ್ದು ಪ್ರವೇಶ ವಿಭಾಗ. ಯಾರಿಗಾಗಿ ಇಷ್ಟೆಲ್ಲ ನಡೆದಿತ್ತೋ ಅವರೇ ಬೀದಿಗೆ ಬಿದ್ದಿದ್ದರು.

ಪ್ರಾಂಶುಪಾಲರು ಬೈಯಲಿಲ್ಲ. “ಭಾನುವಾರ ಬೇಗ ಬನ್ನಿ” ಎಂದಷ್ಟೇ ಹೇಳಿ ಹೋದರು.

ಸಂಜೆ ಅವನು ಕೆಳಮನೆಯ ವರಾಂಡದಲ್ಲಿ ಬೂಟನ್ನೂ ಬಿಚ್ಚದೆ ಕುಳಿತಿದ್ದ. ನಾದಿನಿ ಈಜಿನಿಂದ ಬಂದವಳು ಒದ್ದೆ ಕೂದಲನ್ನು ಹಿಂಡಿಕೊಳ್ಳುತ್ತ ಸಂಗತಿಯನ್ನೆಲ್ಲ ಕೇಳಿದಳು. ಅವಳು ರೇಗುತ್ತಾಳೆಂದು ನಾವೆಲ್ಲ ಕಾದಿದ್ದೆವು. ಅವನಿಗೂ ಅದೇ ಬೇಕಾಗಿತ್ತೆಂದು ತೋರುತ್ತದೆ.

“ಬಿಡಿ, ಮುಂದಿನ ವರ್ಷ ಈಜ್ತೀನಿ,” ಎಂದಳು. “ಕೆರೆ ಎಲ್ಲೂ ಹೋಗಲ್ಲ.” ಟವೆಲನ್ನು ತಂತಿಯ ಮೇಲೆ ಹರಡಿ, ಅದರ ಅಂಚುಗಳನ್ನು ಬಹಳ ಹೊತ್ತು ಸರಿಮಾಡುತ್ತ ನಿಂತಳು.

ಅವನು ಆ ಬೆನ್ನನ್ನೇ ನೋಡುತ್ತಿದ್ದ. ಅಷ್ಟು ವರ್ಷಗಳಲ್ಲಿ ಅವನು ಯಾವ ಮಾತಿಗೂ ‘ಆಯ್ತು’ ಎನ್ನದೆ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅವನು ಮೇಡಂ ಅವರ ಮೇಜಿನ ಮುಂದೆ ನಿಂತಿದ್ದ. ಪರಿಹಾರ ಇಬ್ಬರಿಗೂ ಗೊತ್ತಿದ್ದದ್ದೇ. ಪ್ರವೇಶ ವಿಭಾಗಕ್ಕೆ ಕೇಳಿದಷ್ಟೂ ಕೊಟ್ಟು, ಯಾರೂ ಮುಟ್ಟದಂತೆ ಕಟ್ಟಿಡಬೇಕು. ಉಳಿದವರಿಗೆ ಇಷ್ಟಂತೂ ಖಂಡಿತ ಎಂಬ ಕನಿಷ್ಠ, ಇದಕ್ಕಿಂತ ಹೆಚ್ಚಿಲ್ಲ ಎಂಬ ಗರಿಷ್ಠ, ಎರಡನ್ನೂ ಗೊತ್ತು ಮಾಡಬೇಕು. ಪ್ರತಿ ಗೆಸ್ಟಿನೊಳಗೂ ಬಲೂನು ಎಂಬ ಪುಟ್ಟ ತಂತ್ರಾಂಶವನ್ನು ಹಾಕಬೇಕು. ಯಂತ್ರಕ್ಕೆ ಜಾಗದ ಅಭಾವವಾದಾಗ ಬಲೂನು ಗೆಸ್ಟಿನೊಳಗೆ ಉಬ್ಬುತ್ತದೆ. ಉಬ್ಬಿ, ಅವನು ಬಳಸದೆ ಬಿಟ್ಟ ಜಾಗವನ್ನು ಹಿಡಿದು ಯಂತ್ರಕ್ಕೆ ಮರಳಿಸುತ್ತದೆ. ಹಾಕಲು ಹೆಚ್ಚು ಹೊತ್ತು ಬೇಡ. ಆದರೆ ಹಾಕುವಾಗ ಗೆಸ್ಟನ್ನು ಒಮ್ಮೆ ನಿಲ್ಲಿಸಬೇಕು. ನಿಲ್ಲಿಸುವುದಿಲ್ಲವೆಂದು ಇವನು ಎಲ್ಲರಿಗೂ ಮಾತು ಕೊಟ್ಟಿದ್ದ. ಅದಕ್ಕೇ ಬಲೂನು ಹಾಕಿರಲಿಲ್ಲ.

“ಅಂದ್ರೆ ನೀವೇ ಹೋಗಿ ಒಬ್ಬೊಬ್ಬರಿಗೂ ಇಲ್ಲ ಅನ್ಬೇಕು,” ಎಂದರು ಮೇಡಂ. “ಯಂತ್ರಕ್ಕೆ ನಾನು ಹೇಳ್ತೀನಿ. ಮನುಷ್ಯರಿಗೆ ನೀವು ಹೇಳಿ.”

“ನೀವೇ ಒಂದು ಮಾತು...”

“ಇಲ್ಲ. ನೋಡಿ, ಎಷ್ಟು ಸುಲಭ! ಎಲ್ಲಿ, ನೀವು ಹೇಳಿ.”

“ಇಲ್ಲ... ಅಂತ ಅಲ್ಲ, ಅಂದ್ರೆ ಸದ್ಯಕ್ಕೆ, ಬೇಜಾರು ಮಾಡ್ಕೋಬೇಡಿ...”

“ಮೊದಲ್ನೇ ಮಾತು ಚೆನ್ನಾಗಿತ್ತು. ‘ಇಲ್ಲ’ಕ್ಕೆ ಬಾಲ ಕಟ್ಬೇಡಿ ಸಾರ್, ಆ ಬಾಲ ಹಿಡ್ಕೊಂಡೇ ಜನ ಜಗ್ತಾರೆ.”

ಕಾರಿಡಾರಿನ ಕಿಟಕಿಯ ಬಳಿ ನಿಂತು ಅವನು ಕೆಲವು ಸಲ ಅಭ್ಯಾಸ ಮಾಡಿದ. ಹಾದುಹೋಗುತ್ತಿದ್ದ ಗಣಿತದ ಮೇಷ್ಟ್ರು ತಮಗೇ ಹೇಳಿದನೆಂದು ತಿಳಿದು “ನಾನೇನೂ ಕೇಳಲಿಲ್ವಲ್ಲ!” ಎಂದು ಗಾಬರಿಯಾದರು.

ಹಾಸ್ಟೆಲ್ ವಾರ್ಡನ್ನರ ಕೋಣೆಯಲ್ಲಿ ನಡೆದದ್ದನ್ನು ಮೇಡಂ ಬಾಗಿಲಲ್ಲಿ ನಿಂತು ಕೇಳಿ ಆಮೇಲೆ ನನಗೆ ಹೇಳಿದರು.

“ಕೊಟ್ಟಿದ್ದನ್ನ ವಾಪಸ್ ಕೇಳ್ತಿದ್ದೀರಾ?” ಎಂದರಂತೆ ವಾರ್ಡನ್.

“ನೀವು ಬಳಸ್ತಿರೋದು ಮೂರು ಸಾರ್. ಇಟ್ಕೊಂಡಿರೋದು ಹದಿನಾರು.”

“ಇರ್ಲಿ ಬಿಡ್ರೀ, ಯಾವತ್ತಾದ್ರೂ ಬೇಕಾಗುತ್ತೆ.”

“ಎಂಟರವರೆಗೆ ಕೊಡ್ತೀನಿ. ಅದರ ಮೇಲೆ ಇಲ್ಲ.” ಬಾಲ ಕಟ್ಟುವ ಚಪಲವನ್ನು ತಡೆಯಲು ಇವನು ತುಟಿ ಕಚ್ಚಿಕೊಂಡಿದ್ದನಂತೆ. ಕೊನೆಗೆ ವಾರ್ಡನ್ನರೇ “ನೀವು ಹೀಗೆ ಮಾತಾಡಿದ್ದನ್ನ ನಾನು ಕೇಳೇ ಇರ್ಲಿಲ್ಲ. ಏನೋ ನಿಜವಾಗ್ಲೂ ತೊಂದರೆ ಇರ್ಬೇಕು. ಆಗ್ಲಿ” ಎಂದರಂತೆ. ಇಷ್ಟು ವರ್ಷ ಹೇಳದೆ ಉಳಿಸಿಟ್ಟದ್ದರಿಂದ ಅವನ ‘ಇಲ್ಲ’ಕ್ಕೆ ಆ ತೂಕ ಬಂದಿತ್ತು.

ಮಧ್ಯಾಹ್ನ ನನ್ನ ಸರದಿ ಬಂತು. ಅವನು ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿ ಒರೆಸುತ್ತಲೇ ಹೇಳಿಬಿಟ್ಟ. “ಭಾವ, ನಿಮಗೆ ಹದಿನಾರು ಇಲ್ಲ. ಎಂಟರವರೆಗೆ ಸಿಗುತ್ತೆ. ನಾಲ್ಕು ಮಾತ್ರ ಖಾತ್ರಿ.”

“ಹಾಸ್ಟೆಲ್ಲಿಗೆ ಎಷ್ಟು?”

“ಅವರಿಗೂ ಅಷ್ಟೇ.”

“ಹಾಗಾದ್ರೆ ಸರಿ,” ಎಂದೆ. ನಾನು ಕೇಳಿದ್ದ ಹದಿನಾರರಲ್ಲಿ ನಾಲ್ಕು ಪುಸ್ತಕಗಳಿಗೆ, ಉಳಿದದ್ದು ಮರ್ಯಾದೆಗೆ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಆದರೂ ಅವನು ಅದನ್ನು ಆಡಿ ತೋರಿಸಲಿಲ್ಲ.

ಒಂದಾದ ಮೇಲೊಂದರಂತೆ ಗೆಸ್ಟುಗಳನ್ನು ನಿಲ್ಲಿಸಿ, ಬಲೂನು ಹಾಕಿ, ಎಬ್ಬಿಸಿದರು. ಶನಿವಾರ ಬೆಳಿಗ್ಗೆ ಎರಡನೆಯ ತಾಲೀಮು ನಡೆಯಿತು. ಗೆರೆಗಳು ಮತ್ತೆ ಏರಿದವು, ಹಳದಿಯಾದವು. ಅಲ್ಲಿಗೆ ನಿಂತವು. ಪಂಖಗಳು ಏದುಸಿರು ಬಿಡಲಿಲ್ಲ, ಜೋರಾಗಿ ನಡೆದವರಂತೆ ಉಸಿರಾಡಿದವು ಅಷ್ಟೇ. ಗ್ರಂಥಾಲಯ, ಹಾಸ್ಟೆಲ್ಲು ಕೊಂಚ ತೆವಳಿದವು. ಪ್ರವೇಶದ ಗೆರೆ ಮಾತ್ರ ಅಲುಗಲಿಲ್ಲ. ಪ್ರಾಂಶುಪಾಲರು ಮೊದಲು ಗೆಸ್ಟುಗಳನ್ನು ತಾವೇ ಬೆರಳಿಟ್ಟು ಎಣಿಸಿದರು. ಆರೂ ಇದ್ದವು.

“ಹೋಗಿ ಬನ್ನಿ. ಆದ್ರೆ ಫೋನು ಕೈಯಲ್ಲಿರ್ಲಿ.”

“ಕೈಯಲ್ಲಿ ಹುಟ್ಟು ಇರುತ್ತೆ ಸಾರ್. ಫೋನು ಭಾವನ ಹತ್ರ ಇರುತ್ತೆ.”

ಭಾನುವಾರ ಕೆರೆಯ ದಡದಲ್ಲಿ ಎಳೆ ಬಿಸಿಲಿತ್ತು. ಬಣ್ಣಬಣ್ಣದ ಟೋಪಿ ಹಾಕಿದ ಈಜುಗಾರರು ಕೈಕಾಲು ಕೊಡವಿಕೊಳ್ಳುತ್ತಿದ್ದರು. ನಾದಿನಿಯದು ಕಿತ್ತಳೆ ಬಣ್ಣದ್ದು. ಅವಳ ತುಟಿ ಬಿಳಚಿಕೊಂಡಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ನನ್ನ ಷಡ್ಡಕ ನೀಲಿ ದೋಣಿಯನ್ನು ದಡಕ್ಕೆ ತಂದು ಹಿಡಿದುಕೊಂಡ. ಅದರಲ್ಲಿ ಹುಟ್ಟು ಹಾಕುವವರ ಹಲಗೆಯೊಂದು, ಎದುರಿಗೆ ಇನ್ನೊಂದು ಹಲಗೆ, ಅಷ್ಟೇ.

ಆ ಎದುರಿನ ಹಲಗೆಗಾಗಿ ನಾವು ಮೂವರು ಸಿದ್ಧರಾಗಿ ಬಂದಿದ್ದೆವು ಎಂಬುದು ಆಗಲೇ ಎಲ್ಲರಿಗೂ ತಿಳಿದದ್ದು. ಅವನ ಮಗಳು ಬಿಸಿಲಿನ ಕನ್ನಡಕ ಹಾಕಿಕೊಂಡಿದ್ದಳು. ನನ್ನ ಕೊರಳಲ್ಲಿ ಕ್ಯಾಮೆರಾ ಇತ್ತು. ಅತ್ತೆಯ ಕೈಯಲ್ಲಿ ಕೊಡೆ, ಕೂರುವುದಕ್ಕೊಂದು ದಿಂಬು.

“ಅಪ್ಪ ನನಗೆ ಆಯ್ತು ಅಂದಿದ್ರು,” ಎಂದಳು ಮಗಳು.

“ನನಗೂ ಆಯ್ತು ಅಂದಿದ್ದ,” ಎಂದೆ ನಾನು.

“ನಿಮ್ಮಿಬ್ಬರಿಗೂ ಹೇಳೋ ಮೊದ್ಲೇ ನನಗೆ ಹೇಳಿದ್ದು,” ಎಂದು ಅತ್ತೆ ದಿಂಬನ್ನು ದೋಣಿಯೊಳಗೆ ಎಸೆದು, ಒಂದು ಕಾಲನ್ನು ಎತ್ತಿ ಒಳಗಿಟ್ಟೇಬಿಟ್ಟರು. ದೋಣಿ ಒಂದು ಕಡೆಗೆ ವಾಲಿತು.

ಸಂಘದವರು ಓಡಿ ಬಂದರು. “ಅಮ್ಮಾ, ಆ ಜಾಗ ಖಾಲಿ ಇರ್ಬೇಕು. ಈಜೋರಿಗೆ ಸುಸ್ತಾದ್ರೆ ಹತ್ತಿಸ್ಕೊಳ್ಳೋಕೆ ಅದು.”

“ನನ್ನ ಮಗಳಿಗೆ ಸುಸ್ತಾಗಲ್ಲ. ಅಲ್ವಾ, ಅಳಿಯಂದ್ರೇ?”

ಅವನ ಹೆಂಡತಿ ನೀರಿನಂಚಿನಲ್ಲಿ ನಿಂತು ತಿರುಗಿ ನೋಡುತ್ತಿದ್ದಳು. ಅವನ ಬಾಯಿಯಲ್ಲಿ ‘ಆ’ ಎಂಬ ಆಕಾರ ಮೂಡಿ ಅಲ್ಲೇ ನಿಂತದ್ದನ್ನು ನಾನು ಸ್ಪಷ್ಟವಾಗಿ ಕಂಡೆ. ವಾರ್ಡನ್ನರಿಗೆ ಹೇಳುವುದು ಬೇರೆ, ಅತ್ತೆಗೆ ಹೇಳುವುದು ಬೇರೆ.

“ಅತ್ತೆ, ಇಲ್ಲ,” ಎಂದ.

ಅತ್ತೆಯ ಒಂದು ಕಾಲು ದೋಣಿಯಲ್ಲಿ, ಇನ್ನೊಂದು ದಡದಲ್ಲಿ. ಅವರು ಅಳಿಯನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಾಲನ್ನು ಹಿಂದಕ್ಕೆ ತೆಗೆದು, ಕೊಡೆ ಬಿಚ್ಚಿಕೊಂಡು, “ಸದ್ಯ! ಕೊನೆಗೂ ಬಾಯಿ ಬಂತು,” ಎಂದರು. “ಹೊರಡಿ, ಹೊರಡಿ. ದಿಂಬು ಅಲ್ಲೇ ಇರ್ಲಿ, ಅವಳಿಗೇ ಬೇಕಾದೀತು.”

ಸಂಘದವರು ಸೀಟಿ ಊದಿದರು. ಕಿತ್ತಳೆ ಟೋಪಿ ನೀರಿಗಿಳಿಯಿತು, ನೀಲಿ ದೋಣಿ ಅದರ ಪಕ್ಕಕ್ಕೆ ಸೇರಿಕೊಂಡಿತು. ನನ್ನ ಹೆಂಡತಿಯೂ ಸೇರಿ ನಾವು ನಾಲ್ವರು ಎದುರು ದಡಕ್ಕೆ ಸುತ್ತುದಾರಿಯಲ್ಲಿ ನಡೆಯತೊಡಗಿದೆವು. ಅರ್ಧ ದಾರಿಯಲ್ಲಿ ಫೋನು ಬಡಿದುಕೊಂಡಿತು.

“ಎಲ್ರೀ ಅವರು?” ಪ್ರಾಂಶುಪಾಲರ ದನಿ.

“ನೀರಿನ ಮೇಲಿದ್ದಾರೆ ಸಾರ್. ಏನಾದ್ರೂ ತೊಂದರೆನಾ?”

“ಇಲ್ಲ, ಏನೂ ತೊಂದರೆ ಇಲ್ಲ. ಅದಕ್ಕೇ ಭಯ ಆಗ್ತಿದೆ.”

ಅವರನ್ನು ಸಮಾಧಾನ ಮಾಡಿ ಇಡುವಷ್ಟರಲ್ಲಿ ಮೇಡಂ ಕರೆ ಮಾಡಿದರು. “ಪ್ರವೇಶ, ಹಾಸ್ಟೆಲ್ ಅರ್ಜಿ, ಶುಲ್ಕ, ಎಲ್ಲ ಒಟ್ಟಿಗೆ ನುಗ್ಗಿದೆ ಸಾರ್. ನಿಮ್ಮ ಗ್ರಂಥಾಲಯದಲ್ಲಿ ಬಲೂನು ಉಬ್ಬಿದೆ. ಎಂ‌ಟಿದ್ದದ್ದು ನಾಲ್ಕಾಗಿದೆ. ನಿಮಗೇನಾದ್ರೂ ಗೊತ್ತಾಯ್ತಾ?”

“ಇಲ್ಲ.”

“ಹಾಗೇ ಇರ್ಲಿ. ಪ್ರವೇಶ ಬಂಡೆ ಥರ ನಿಂತಿದೆ ಅಂತ ಅವರಿಗೆ ಹೇಳಿ.”

ಹೇಳಲು ಅವನು ಎಲ್ಲಿದ್ದ! ಕೆರೆಯ ನಡುಮಧ್ಯದಲ್ಲಿ ಕಿತ್ತಳೆ ಚುಕ್ಕೆ ನಿಂತುಬಿಟ್ಟಿತ್ತು. ನೀಲಿ ದೋಣಿಯೂ ನಿಂತಿತ್ತು. ನನ್ನ ಹೆಂಡತಿ ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು. ಅತ್ತೆ ಕೊಡೆಯನ್ನು ಮಡಚಿದರು. ಚುಕ್ಕೆ ದೋಣಿಯ ಕಡೆಗೆ ಸರಿಯಿತು. ಇನ್ನೇನು ಅದಕ್ಕೆ ಅಂಟಿಕೊಂಡಿತು ಎನ್ನುವಾಗ ದೂರ ಸರಿದು, ನಿಧಾನವಾಗಿ ಮತ್ತೆ ಮುಂದಕ್ಕೆ ಚಲಿಸತೊಡಗಿತು.

ನಡುವೆ ಆದದ್ದೇನೆಂದು ಎದುರು ದಡದಲ್ಲಿ, ಟವೆಲು ಸುತ್ತಿಕೊಂಡು, ಹಲ್ಲು ಕಟಕಟಿಸುತ್ತ ನಾದಿನಿಯೇ ಹೇಳಿದಳು. “ಕಾಲು ಕಲ್ಲಾಗಿತ್ತು ಭಾವ. ‘ಹತ್ಕೊಳ್ಳಾ?’ ಅಂತ ಕೇಳ್ದೆ. ಇವರು ಹುಟ್ಟು ಮೇಲೆತ್ತಿ, ‘ಜಾಗ ಇದೆ, ಯಾವಾಗ ಬೇಕಾದ್ರೂ ಹತ್ತು. ಆದ್ರೆ ಆಯ್ತು ಅಂತ ನಾನು ಹೇಳಲ್ಲ’ ಅಂದ್ರು. ಇಷ್ಟು ವರ್ಷದಲ್ಲಿ ನಾನು ಕೇಳಿದ್ದಕ್ಕೆ ಒಪ್ಪದೇ ಇದ್ದದ್ದು ಇದೇ ಮೊದಲು! ಎಷ್ಟು ನಗು ಬಂತು ಅಂದ್ರೆ, ಒಂದು ಬೊಗಸೆ ನೀರು ಕುಡಿದೆ. ಆ ನಗುವಲ್ಲೇ ಕಾಲು ಸಡಿಲ ಆಯ್ತು.”

ಅವನು ಅಂಗೈಯ ಬೊಬ್ಬೆಗಳನ್ನು ನೋಡಿಕೊಳ್ಳುತ್ತಿದ್ದ. ಕಿವಿಯವರೆಗೂ ಮುಖ ಅರಳಿತ್ತು.

ಈಜು ಮುಗಿಯಿತು, ಸಂಘದವರು ಚಹಾ ಹಂಚಿದರು. ದೋಣಿ ಇನ್ನೂ ದಡದಲ್ಲಿತ್ತು, ಎದುರಿನ ಹಲಗೆ ಈಗ ಯಾರಿಗೂ ಬೇಕಾಗಿರಲಿಲ್ಲ. ಅವನು ಸಂಘದವರನ್ನು ಕೇಳಿಕೊಂಡು, ದೋಣಿಯ ಪಕ್ಕದಲ್ಲಿ ನಿಂತು ಕೈ ಚಾಚಿದ.

“ಬನ್ನಿ ಅತ್ತೆ. ಈಗ ಆಯ್ತು.”

ಅತ್ತೆ ದಿಂಬಿನ ಮೇಲೆ, ಕೊಡೆಯ ಕೆಳಗೆ, ಪಟ್ಟಕ್ಕೆ ಬಂದವರಂತೆ ಕುಳಿತು ಒಂದು ಸುತ್ತು ಹೋಗಿ ಬಂದರು. ಆಮೇಲೆ ಮಗಳು ಹೋದಳು. ಕೊನೆಯಲ್ಲಿ ನಾನು. ನಾನು ಹತ್ತಿದಾಗ ದೋಣಿ ಅತ್ತೆ ಹತ್ತಿದಾಗಿನದಕ್ಕಿಂತ ಹೆಚ್ಚು ತಗ್ಗಿದ್ದನ್ನು ದಡದಲ್ಲಿದ್ದವರೆಲ್ಲ ಗಮನಿಸಿ ಹೇಳಿದರು. ಅವನ ಕೈ ಸೋತಿತ್ತು, ಹುಟ್ಟು ಮೆಲ್ಲಗೆ ಬೀಳುತ್ತಿತ್ತು. ಒಂದೇ ಬೆಳಿಗ್ಗೆಯಲ್ಲಿ ಅವನು ಮೂವರಿಗೆ ಕೊಟ್ಟ ಮಾತನ್ನು ನಡೆಸಿದ್ದನ್ನು ನಾನು ಅಂದಿನ ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಹಿಂದೆ ಅಂಥ ದಾಖಲೆಯಿಲ್ಲ.

ನಡುನೀರಿನಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಹಾಸ್ಟೆಲ್ ವಾರ್ಡನ್. ಅವನ ಎರಡೂ ಕೈಯಲ್ಲಿ ಹುಟ್ಟಿದ್ದದ್ದರಿಂದ ನಾನೇ ಬಗ್ಗಿ ಅವನ ಕಿವಿಗೆ ಹಿಡಿದೆ. ಎಂಟು ಸಾಲದು, ಇನ್ನು ನಾಲ್ಕು ಕೊಡಿ ಎಂಬ ದನಿ ನನಗೂ ಕೇಳಿಸುತ್ತಿತ್ತು.

“ಇಲ್ಲ ಸಾರ್,” ಎಂದ ನನ್ನ ಷಡ್ಡಕ. ಹುಟ್ಟಿನಿಂದ ನೀರು ತೊಟ್ಟಿಕ್ಕಿತು. ಅವನು ನನ್ನ ಮುಖ ನೋಡಿದ, ದಡದ ಕಡೆ ನೋಡಿದ, ಮೇಡಂ ಅಲ್ಲೆಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. “ಸೋಮವಾರ ಬನ್ನಿ, ನೋಡೋಣ.”